ಒಣಕೈ ಮಡು

ಹುಣಸಿಕೊಪ್ಪದ ಪಡುವಣಕ್ಕೆ ಎರಡು ಹೊಲ ದಾಟಿದರೆ ಹಿರೇಹಳ್ಳ ಸಿಗುತ್ತದೆ. ಹೆಸರೇನೋ ಹಿರಿದು, ಬೇಸಿಗೆಯಲ್ಲಿ ನೋಡಿದವರು ಅದನ್ನು ಹಳ್ಳವೆಂದು ಕರೆಯಲೂ ಹಿಂದೆಮುಂದೆ ನೋಡುತ್ತಾರೆ. ಬರೀ ಉಸುಕು, ಜಾಲಿಯ ಮುಳ್ಳು, ಅಲ್ಲಲ್ಲಿ ಎಮ್ಮೆ ಹೊರಳಾಡಿದ ಕೆಸರು. ಆದರೆ ಹಳ್ಳ ಬಲಕ್ಕೆ ಹೊರಳುವಲ್ಲಿ ಎದೆಯುದ್ದ ನೀರಿನ ಒಂದು ಮಡುವಿದೆ. ಅದು ಬತ್ತಿದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಮಡುವಿನ ದಂಡೆಗೆ ಅಂಟಿಕೊಂಡು, ನೀರಿನಿಂದ ಒಂದು ಮೊಳ ಮೇಲೆದ್ದು, ಒಂದು ಕರಿಯ ಬಂಡೆ ನಿಂತಿದೆ. ಅದರ ನೆತ್ತಿಯ ಮೇಲೆ ಅಂಗೈ ಅಗಲದ ತಗ್ಗು. ಊರಿನ ಕ್ರೈಸ್ತರು ಹೊಲಕ್ಕೆ ಹೋಗುವಾಗಲೋ ಬರುವಾಗಲೋ ಒಬ್ಬೊಬ್ಬರೇ ಇಳಿದು ಬಂದು, ಬೊಗಸೆಯಲ್ಲಿ ನೀರು ತೆಗೆದು ಆ ತಗ್ಗನ್ನು ನೆನೆಸಿ, ಒಂದು ಗಳಿಗೆ ಅದರ ಮೇಲೆ ಬಲಗೈ ಊರಿ ನಿಂತು, ತಮ್ಮ ದಾರಿ ಹಿಡಿಯುತ್ತಾರೆ. ಇದು ಯಾವ ದೇವರ ಕಲ್ಲು ಎಂದು ಹೊಸಬರು ಕೇಳಿದರೆ ಬಟ್ಟೆ ಒಗೆಯುವ ಹೆಂಗಸರು ನಗುತ್ತಾರೆ. "ದೇವರಲ್ಲರಿ ಅದು, ಭರಮಜ್ಜನ ಕೈ," ಎನ್ನುತ್ತಾರೆ. ಮಡುವಿಗೆ ಒಣಕೈ ಮಡು ಎಂಬ ಹೆಸರು ಬಂದದ್ದೂ ಆ ಕೈಯಿಂದಲೇ. ಇದಕ್ಕೆ ಕಾಗದಪತ್ರದ ಆಧಾರ ಕೇಳುವವರು ಕೇಳಲಿ. ಊರಿನ ಹಿರಿಯರ ಬಾಯಲ್ಲಿ ಉಳಿದದ್ದನ್ನು ನಾವು ಹೇಳುತ್ತೇವೆ.

ಹಿಂದೆ ಒಮ್ಮೆ, ಮಿಶನ್ನಿನವರು ಈ ಸೀಮೆಗೆ ಬಂದು ಬಹಳ ವರ್ಷಗಳಾಗಿರದ ಕಾಲದಲ್ಲಿ, ಹುಣಸಿಕೊಪ್ಪದಲ್ಲಿ ಭರಮಪ್ಪನೆಂಬ ಪೈಲ್ವಾನನಿದ್ದ. ಮದುವೆಯಾಗಿರಲಿಲ್ಲ, ಗರಡಿಯೇ ಹೆಂಡತಿ, ಗರಡಿಯೇ ಮಕ್ಕಳು. ತಮ್ಮ ತಿಪ್ಪಣ್ಣನ ಮನೆಯಲ್ಲಿ ಊಟ, ತಮ್ಮನ ಜೊತೆಯಲ್ಲೇ ಹೊಲದ ಕೆಲಸ. ಅವನ ಬಲಗೈಯ ಏಟು ಏಳು ಹಳ್ಳಿಗೆ ಹೆಸರಾಗಿತ್ತು. ಹಾಯಲು ಬಂದ ಕೋಣವೊಂದು ಅವನ ಒಂದೇ ಹೊಡೆತಕ್ಕೆ ಕುಂತುಬಿಟ್ಟಿತಂತೆ, ಮೂರು ದಿನ ಮೇವು ಮುಟ್ಟಲಿಲ್ಲವಂತೆ. ಕೋಣದ ಮಾತು ಸುಳ್ಳಿರಬಹುದು. ಮೂಗಿನ ತುದಿಯಲ್ಲಿಯೇ ಕೂತಿರುತ್ತಿದ್ದ ಅವನ ಸಿಟ್ಟು ಮಾತ್ರ ಸುಳ್ಳಲ್ಲ. ಮಾತಿಗಿಂತ ಮೊದಲು ಕೈ ಮುಂದಾಗುತ್ತಿತ್ತು. ಹೊಡೆದ ಮೇಲೆ ಹೊಡೆಸಿಕೊಂಡವನಿಗಿಂತ ಹೆಚ್ಚಾಗಿ ಇವನೇ ನರಳುತ್ತಿದ್ದ. ಎರಡು ದಿನ ಊಟ ಸೇರುತ್ತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೂರನೆಯ ದಿನ ಮತ್ತೆ ಅದೇ ಹಾಡು.

ಅಂಥ ದಿನಗಳಲ್ಲಿ ಎಲೀಷಪ್ಪನೆಂಬ ಮಿಶನ್ನಿನ ಉಪದೇಶಿ ಸಂತೆಯ ಹಾದಿಯಲ್ಲಿ ಗರಡಿಯ ಕಟ್ಟೆಗೆ ಬಂದು ಕುಳಿತು, ಹೊಡೆಸಿಕೊಂಡೂ ಕೈ ಎತ್ತದ, ತಾನು ನಂಬಿದ ಕರ್ತನ ಕಥೆ ಹೇಳಿದನು. ಗರಡಿಯ ಹುಡುಗರು ಬಿದ್ದು ಬಿದ್ದು ನಕ್ಕರು. ಕುಸ್ತಿಯ ಮನೆಗೆ ಬಂದು ಸೋತವನ ಕಥೆ ಹೇಳುವ ಧೈರ್ಯವನ್ನು ನೋಡಿರೋ ಎಂದರು. ಭರಮಪ್ಪ ನಗಲಿಲ್ಲ. ಹೊಡೆಯಲು ಎಷ್ಟು ಬಲ ಬೇಕೆಂಬುದನ್ನು ಅವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕೈ ತಡೆದು ನಿಲ್ಲಲು ಅದರ ಹತ್ತು ಪಟ್ಟು ಬೇಕೆಂಬುದೂ ಅವನಿಗೆ ಗೊತ್ತಿತ್ತು, ಏಕೆಂದರೆ ಅಷ್ಟು ಬಲ ಅವನಲ್ಲಿ ಇರಲಿಲ್ಲ. ಆ ಬಲದ ಆಸೆ ಅವನಿಗೆ ಹತ್ತಿತು. ಎರಡು ವರ್ಷ ಉಪದೇಶಿಯ ಬೆನ್ನು ಹತ್ತಿ ತಿರುಗಿ, ಕೊನೆಗೆ ಮಳೆಗಾಲ ಮುಗಿದ ಮೇಲೆ ಒಂದು ಮುಂಜಾನೆ ಅಣ್ಣತಮ್ಮ ಇಬ್ಬರೂ ದೀಕ್ಷಾಸ್ನಾನಕ್ಕೆ ಈ ಮಡುವಿಗೆ ಇಳಿದರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನೆಲದ ಮೇಲೆ ಯಾರಿಗೂ ಅಂಜದ ಭರಮಪ್ಪ ನೀರಿಗೆ ಅಂಜುತ್ತಿದ್ದ. ಅವನು ಹುಟ್ಟಿದ್ದು ಎರೆಹೊಲದ ಸೀಮೆ. ಕೊಡದ ನೀರು ಬಿಟ್ಟರೆ ಮೈ ಮುಳುಗುವ ನೀರಿಗೆ ಅವನು ಎಂದೂ ಇಳಿದವನಲ್ಲ. ತಮ್ಮ ಮೊದಲು ಹೋದ, ಮೀನಿನಂತೆ ಮುಳುಗಿ ಎದ್ದ. ಅಣ್ಣನ ಸರದಿ ಬಂದು ಎಲೀಷಪ್ಪ ಅವನನ್ನು ಹಿಂದಕ್ಕೆ ಬಾಗಿಸಿದಾಗ, ಕುಸ್ತಿಯಲ್ಲಿ ಬೀಳುವವನು ಸಿಕ್ಕಿದ್ದನ್ನು ಹಿಡಿಯುವಂತೆ, ಅವನ ಬಲಗೈ ತಾನಾಗಿಯೇ ಹೋಗಿ ಬಂಡೆಯ ನೆತ್ತಿಯನ್ನು ಹಿಡಿಯಿತು. ಮೈಯೆಲ್ಲ ಮುಳುಗಿತು. ಕೈ ಮಾತ್ರ ಮೇಲೆಯೇ ಉಳಿಯಿತು. ದಂಡೆಯ ಮೇಲಿನವರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಉಪದೇಶಿಯ ಕಣ್ಣು ಅವನ ಮುಖದ ಮೇಲಿತ್ತು. ಭರಮಪ್ಪ ಎದ್ದು ನಿಂತು ನೋಡಿಕೊಂಡ: ಮೊಣಕೈಯಿಂದ ಈಚೆ ಒಂದು ಹನಿಯಿಲ್ಲ, ಬೆರಳಿನಲ್ಲಿ ಬಂಡೆಯ ಧೂಳು ಹಾಗೆಯೇ ಇದೆ. ಆಗಲೇ ಹೇಳಬಹುದಿತ್ತು. ಆದರೆ ಪೈಲ್ವಾನ ನೀರಿಗೆ ಅಂಜಿದನೆಂದರೆ ನಾಳೆ ಗರಡಿಯವರು ಏನೆಂದಾರು? ಅವನು ಕೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡು ದಂಡೆ ಏರಿದ.

ನಾಲ್ಕು ತಿಂಗಳು ಚೆನ್ನಾಗಿ ಕಳೆದವು. ಆ ದಿನಗಳ ಶಾಂತಿಯನ್ನು ಭರಮಪ್ಪ ಸಾಯುವವರೆಗೂ ನೆನೆಸಿಕೊಳ್ಳುತ್ತಿದ್ದನಂತೆ. ಬೆಳಗ್ಗೆ ಎದ್ದರೆ ಎದೆ ಹಗುರ, ಎತ್ತಿನ ಮೇಲೂ ಬಾರುಕೋಲು ಎತ್ತುವ ಮನಸ್ಸಾಗುತ್ತಿರಲಿಲ್ಲ. ಒಂದು ಸಂಜೆ ಕಣದಲ್ಲಿ ಎತ್ತು ಹಗ್ಗ ಬಿಚ್ಚಿಕೊಂಡು ಜೋಳದ ತೆನೆಗೆ ಬಾಯಿ ಹಾಕಿತು. ಕಟ್ಟಿದವನು ಅಣ್ಣ. ತಿಪ್ಪಣ್ಣ ಚೇಷ್ಟೆಯ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಅಂದುಬಿಟ್ಟ: "ಎತ್ತಿನ ಹಗ್ಗ ಗಟ್ಟಿ ಹಿಡಿಯೂದು ಬಿಟ್ಟು, ಅವತ್ತ ಮಡುವಿನ್ಯಾಗ ಕಲ್ಲ ಗಟ್ಟಿ ಹಿಡಿದಿದ್ದಿಯಲ್ಲಣ್ಣಾ, ನಾ ನೋಡೇನಿ." ಕೂಲಿಯವರು ನಕ್ಕರು. ಆ ನಗು ಮುಗಿಯುವ ಮೊದಲೇ ಬಲಗೈ ಏರಿ ಇಳಿದಿತ್ತು. ತಿಪ್ಪಣ್ಣ ಕಣದ ಅಂಚಿಗೆ ಹೋಗಿ ಬಿದ್ದ. ಎಡಗಿವಿಯಿಂದ ರಕ್ತ ಬಂತು. ಗಾಯ ಮಾಯಿತು, ಆದರೆ ಆ ಕಿವಿ ಮತ್ತೆಂದೂ ಕೇಳಲಿಲ್ಲ.

ಭರಮಪ್ಪ ತನ್ನ ಕೈಯನ್ನು ನೋಡಿಕೊಂಡ. ಆಗ ಅವನಿಗೆ ಎಲ್ಲವೂ ತಿಳಿದಂತಾಯಿತು. ಮೈಯೆಲ್ಲ ಕರ್ತನದಾಗಿದೆ, ಈ ಕೈಯೊಂದು ಆಗಿಲ್ಲ. ಇದು ನೆನೆದೇ ಇಲ್ಲ. ಪೂರಾ ಮುಳುಗಿದ ತಮ್ಮ ಏಟು ತಿಂದೂ ತಣ್ಣಗಿದ್ದಾನೆ, ನೋಡಿರಿ. ಹೀಗೆ ಲೆಕ್ಕ ಹಾಕಿದವನು ಇನ್ನೊಂದು ದಿನವೂ ಆ ಮನೆಯಲ್ಲಿ ನಿಲ್ಲಲಿಲ್ಲ. ತಿಪ್ಪಣ್ಣ ಹೋಗು ಅನ್ನಲಿಲ್ಲ. ಇವನೇ ಹೊಲದ ಗುಡಿಸಲಿಗೆ ಹೋಗಿ ಉಳಿದ. ಸಿಟ್ಟು ಬಂದಾಗಲೆಲ್ಲ, ಕೈ ಎದ್ದಾಗಲೆಲ್ಲ, ಒಬ್ಬನೇ ಮಡುವಿಗೆ ಬಂದು ದಂಡೆಯಲ್ಲಿ ಕುಳಿತು ಭುಜದವರೆಗೆ ಕೈ ಅದ್ದುತ್ತಿದ್ದ. ಒಂದು ವಾರ, ಒಂದು ತಿಂಗಳು ಎಲ್ಲ ಸರಿ. ಆಮೇಲೆ ಯಾರೋ ಒಂದು ಮಾತು ಅನ್ನುವರು, ಕೈ ಮತ್ತೆ ಹಳೆಯ ಕೈಯೇ. ತಾನೇ ಅದ್ದಿಕೊಂಡದ್ದು ದೀಕ್ಷೆಯಾದೀತೇ ಎಂದು ಕೊರಗುತ್ತಿದ್ದ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ತಿಂಗಳಿಗೊಮ್ಮೆ ಸಭೆಯಲ್ಲಿ ಕರ್ತನ ಭೋಜನ. ತಿಪ್ಪಣ್ಣನ ಹೆಂಡತಿ ಸುಟ್ಟ ಗೋದಿರೊಟ್ಟಿಯನ್ನು ಮುರಿದು, ತಟ್ಟೆಯಲ್ಲಿಟ್ಟು, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಭರಮಪ್ಪನ ಎಡಗೈ ನೆನೆದಿತ್ತು. ಆದರೆ ಪವಿತ್ರವಾದದ್ದನ್ನು ಎಡಗೈಯಲ್ಲಿ ಮುಟ್ಟುವ ಪದ್ಧತಿ ನಮ್ಮ ಸೀಮೆಯ ಯಾವ ಜಾತಿಯಲ್ಲೂ ಇಲ್ಲ, ಯಾವ ಮತದಲ್ಲೂ ಇಲ್ಲ. ಬಲಗೈ ಚಾಚೋಣವೆಂದರೆ ಅದು ಒಣದು. ಹೀಗಾಗಿ ತಟ್ಟೆ ಬರುವ ಹೊತ್ತಿಗೆ ಅವನು ಎದ್ದು ಹೊರಗೆ ಹೋಗಿ ಕಿಟಕಿಯ ಬಳಿ ನಿಲ್ಲುತ್ತಿದ್ದ. ಒಳಗೆ ರೊಟ್ಟಿ ಮುರಿಯುವುದು ಕಾಣುತ್ತಿತ್ತು, ತಮ್ಮನ ಕುತ್ತಿಗೆ ಬಾಗಿದ್ದು ಕಾಣುತ್ತಿತ್ತು. ಉಪವಾಸ ಅವನಿಗೆ ಹೊಸದಲ್ಲ, ಬರಗಾಲ ಕಂಡವನು. ಆದರೆ ಆ ಬೆರಳುದ್ದದ ತುಣುಕಿಗಾಗಿ ಅವನು ಪಟ್ಟ ಆಸೆ ಅನ್ನದ ಆಸೆಯಲ್ಲ. ಕರೆದವನ ಮನೆಯ ಬಾಗಿಲಿಗೆ ಬಂದೂ ಒಳಗೆ ಹೋಗಲಾರದವನ ಸಂಕಟ ಅದು. ಒಂಬತ್ತು ವರ್ಷ ಅವನು ಆ ಕಿಟಕಿಯ ಬಳಿ ನಿಂತ. ಯಾಕೆ ಎಂದು ಉಪದೇಶಿ ಕೇಳಿದಾಗಲೆಲ್ಲ ತಲೆ ತಗ್ಗಿಸಿ ಹೋಗುತ್ತಿದ್ದ.

ಒಂಬತ್ತನೆಯ ವರ್ಷದ ಚಳಿಗಾಲದಲ್ಲಿ ಎಲೀಷಪ್ಪನಿಗೆ ಕಾಯಿಲೆಯಾಯಿತು. ಮುದುಕ ಹೋದರೆ ತನ್ನ ಕೈಯ ಗತಿಯೇನು ಎಂಬ ದಿಗಿಲಿನಿಂದ ಭರಮಪ್ಪ, ಅವನು ಎದ್ದು ಓಡಾಡುವಂತಾದ ಮಾರನೆಯ ದಿನವೇ, ಬಂಡಿ ಕಟ್ಟಿ ಅವನನ್ನು ಮಡುವಿಗೆ ಕರೆತಂದ. ಬಂಡೆಯ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿದ. "ಅಜ್ಜಾರ, ಇನ್ನೊಮ್ಮೆ ನನಗ ದೀಕ್ಷಾ ಕೊಡ್ರಿ. ಪೂರಾ ಬ್ಯಾಡ, ಈ ಕೈಗಷ್ಟ ಸಾಕು," ಎಂದ.

ಎಲೀಷಪ್ಪನಿಗೆ ಮೊದಲು ನಗು ಬಂತು. ನಗುನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಒಂಬತ್ತು ವರ್ಷ ಇದನ್ನು ಒಬ್ಬನೇ ಹೊತ್ತಿದ್ದಾನಲ್ಲ ಎಂದು. "ದೀಕ್ಷಾ ಒಮ್ಮೆ ಆದದ್ದು ಆತು, ಭರಮಾ. ಇನ್ನೊಮ್ಮೆ ಕೊಡಾಕ ಬರೂದಿಲ್ಲ," ಎಂದ. ಬಾಯಿ ತೆರೆದು ತೋರಿಸಿ, "ನನ್ನ ನಾಲಿಗಿ ನೋಡು. ನನಗ ದೀಕ್ಷಾ ಆದ ದಿನ ಅಂಜಿ ಬಾಯಿ ತೆರೆದು, ಒಂದು ಚರಿಗಿ ನೀರ ಕುಡಿದಿದ್ದೆ. ಇದರಷ್ಟು ತೊಯ್ದ ನಾಲಿಗಿ ಈ ಸಭಾದಾಗ ಇನ್ನೊಂದಿಲ್ಲ. ನಿನ್ನಿ ಇದೇ ನಾಲಿಗಿಲೆ, ಗಂಜಿ ತಣ್ಣಗಾಗೈತಂತ, ಮೂರು ತಿಂಗಳು ನನ್ನ ಸೇವಾ ಮಾಡಿದ ಹೇಣ್ತಿಗೆ ಏನಂದೆ ಅಂತ ಹೇಳಿದ್ರ ನೀ ನನ್ನ ಬಂಡಿ ಹತ್ತಸೂದಿಲ್ಲ," ಎಂದ.

ಭರಮಪ್ಪ ಬಂಡೆಗೆ ಒರಗಿ ಕುಳಿತ. ಕೈಯೊಂದೇ ತಪ್ಪುಗಾರನಾಗಿದ್ದರೆ ದಾರಿಯಿತ್ತು. ನೆನೆದದ್ದೂ ಹೀಗೆಯೇ ಎಂದ ಮೇಲೆ ಎಲ್ಲಿಗೆ ಹೋಗುವುದು? "ಹಂಗಾರ ಇದು ಮುಗಿಯೂದ ಇಲ್ಲೇನ್ರಿ?" ಎಂದು ಕೇಳಿದ.

"ಮೈ ಮಣ್ಣಿಗೆ ಹೋಗೂತನಾ ಮುಗಿಯೂದಿಲ್ಲ. ನಂದೂ ಮುಗಿದಿಲ್ಲ." ಮುದುಕ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು, ಅಂದು ಭರಮಪ್ಪ ಹಿಡಿದಿದ್ದ ಬಂಡೆಯ ನೆತ್ತಿಗೆ ಹಾಕಿದ. ಚೈತ್ರದ ಬಿಸಿಲು, ಇಬ್ಬರೂ ನೋಡುತ್ತಿದ್ದಂತೆಯೇ ಕಲ್ಲು ಅಂಚಿನಿಂದ ಒಣಗುತ್ತ ಬಂತು. ಮತ್ತೆ ನೀರು ಹಾಕಿದ, ಮತ್ತೆ ಒಣಗಿತು. "ಎಷ್ಟ ಸರ್ತಿ ಹಾಕ್ತೀರಿ ಅಜ್ಜಾರ?" ಎಂದು ಭರಮಪ್ಪ ಕೇಳಿದ. "ಒಣಗಿದಷ್ಟು ಸರ್ತಿ. ಮಡು ಬತ್ತಿಲ್ಲಲಾ," ಎಂದ ಎಲೀಷಪ್ಪ. ಆಮೇಲೆ, ಬಂಡಿ ಹತ್ತುವಾಗ, ಇನ್ನೊಂದು ಮಾತು ಸೇರಿಸಿದ: "ನೀ ಆ ಕಲ್ಲು ಹಿಡಿದದ್ದನ್ನ ನಾ ನೋಡಲಿಲ್ಲ. ಆದರ ಕರ್ತ ನೋಡಿದ್ದ. ನೋಡಿಯೇ ನಿನ್ನ ಹಿಡಿದುಕೊಂಡ."

ಮುಂದಿನ ಭೋಜನದ ಆದಿತ್ಯವಾರ ಭರಮಪ್ಪ ಕಿಟಕಿಗೆ ಹೋಗಲಿಲ್ಲ. ತಮ್ಮನ ಎಡಗಡೆ ಖಾಲಿಯಿದ್ದ ಜಾಗಕ್ಕೆ ಬಂದು ಚಾಪೆಯ ಮೇಲೆ ಕುಳಿತ. ತಟ್ಟೆ ಮುಂದಿನ ಸಾಲಿನಲ್ಲಿತ್ತು. ಒಂಬತ್ತು ವರ್ಷದಿಂದ ಹೇಳದೆ ಉಳಿದಿದ್ದ ತಪ್ಪಾಯಿತೆಂಬ ಮಾತನ್ನು ಅವನು ತಮ್ಮನ ಕಡೆ ಬಾಗಿ ಮೆಲ್ಲಗೆ ಹೇಳಿದ. ತಿಪ್ಪಣ್ಣ ಅಲುಗಲಿಲ್ಲ. ಮತ್ತೊಮ್ಮೆ ಹೇಳಿದ. ತಿಪ್ಪಣ್ಣ ಮುಂದೆಯೇ ನೋಡುತ್ತಿದ್ದ. ಆಗ ಭರಮಪ್ಪನಿಗೆ ಹೊಳೆಯಿತು: ತಾನು ಹೇಳುತ್ತಿರುವುದು ತಾನೇ ಕೆಡಿಸಿದ ಕಿವಿಗೆ. ಅವನು ಎದ್ದುಹೋಗಲು ಮೊಣಕಾಲು ಊರಿದ. ಚಾಪೆ ಸರಿದದ್ದು ತಿಳಿದು ತಿಪ್ಪಣ್ಣ ಹೊರಳಿ ನೋಡಿದ, ಅಣ್ಣನ ಮುಖ ಕಂಡ, ತುಟಿ ಅಲುಗುತ್ತಿರುವುದು ಕಂಡ. ಕುಳಿತಲ್ಲೇ ತಿರುಗಿ ಬಲಗಿವಿಯನ್ನು ಅವನ ಬಾಯಿಗೆ ಹಿಡಿದು, "ಈ ಕಡೆ ಹೇಳಣ್ಣಾ," ಎಂದ. ಭರಮಪ್ಪ ಮೂರನೆಯ ಸಲ ಹೇಳಿದ. ತಟ್ಟೆ ಬಂತು. ತೊಡೆಯ ಮೇಲೆ ಮುಚ್ಚಿಕೊಂಡಿದ್ದ ಆ ಬಲಗೈಯನ್ನು ತಿಪ್ಪಣ್ಣ ತನ್ನ ಕೈಗೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರೊಟ್ಟಿಯ ತುಣುಕನ್ನು ಅಂಗೈಯಲ್ಲಿಟ್ಟ.

ಅಲ್ಲಿಂದಾಚೆಗೆ ಭರಮಪ್ಪನ ಕೈ ಯಾರ ಮೇಲೂ ಏಳಲಿಲ್ಲ ಎಂದು ಹೇಳಿದರೆ ಕೇಳಲು ಚಂದ, ಆದರೆ ಹಿರಿಯರು ಹಾಗೆ ಹೇಳುವುದಿಲ್ಲ. ಅದು ಎದ್ದಿತು, ಎಷ್ಟೋ ಸಲ ಅರ್ಧಕ್ಕೇ ನಿಂತಿತು, ಕೆಲವು ಸಲ ನಿಲ್ಲಲಿಲ್ಲ. ನಿಲ್ಲದ ದಿನ ಏಟು ತಿಂದವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಅಲ್ಲಿಂದ ಮಡುವಿಗೆ ಹೋಗಿ ಬಂಡೆ ನೆನೆಸಿ, ಆದಿತ್ಯವಾರ ಚಾಪೆಯ ಮೇಲೆ ತಮ್ಮನ ಬಲಗಡೆಗೆ ಬಂದು ಕೂಡುತ್ತಿದ್ದ. ಮುಪ್ಪಿನಲ್ಲಿ ಕೋಲೂರಿಕೊಂಡು ಹಳ್ಳದ ಕಡೆ ಹೊರಟರೆ ಊರವರು, "ಅಜ್ಜಗ ಇವತ್ತ ಮತ್ತ ಒಣಗಿತು," ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ನಿಲ್ಲುತ್ತಿರಲಿಲ್ಲ. ಪೂರಾ ನೆನೆದ ಒಂದು ದಿನವನ್ನು ಕಾಣಬೇಕೆಂಬ ಹಂಬಲ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅವನು ತೀರಿಕೊಂಡಾಗ ಹೆಣಕ್ಕೆ ಸ್ನಾನ ಮಾಡಿಸಲು ತಿಪ್ಪಣ್ಣ ತಾನೇ ಹೋಗಿ ಮಡುವಿನಿಂದ ಒಂದು ಕೊಡ ನೀರು ತಂದ. ಮೊದಲು ತಲೆಗೆ ಹಾಕಲಿಲ್ಲ, ಬಲಗೈಗೆ ಹಾಕಿದ. ಭುಜದಿಂದ ಬೆರಳಿನ ತುದಿಯವರೆಗೆ ನಿಧಾನವಾಗಿ ತೊಳೆದು, "ತೊಯ್ದೈತಿ ನೋಡಣ್ಣಾ. ಇನ್ನ ಒಣಗೂದಿಲ್ಲ," ಎಂದನಂತೆ.

ಬಂಡೆಯ ಮೇಲಿನ ತಗ್ಗು ಭರಮಪ್ಪನ ಕೈ ಊರಿ ಊರಿ ಆದದ್ದೋ, ಅವನ ತರುವಾಯ ಬಂದವರ ಕೈಗಳಿಂದ ಸವೆದದ್ದೋ, ಮೊದಲೇ ಕಲ್ಲು ಹಾಗಿತ್ತೋ, ಖಂಡಿತವಾಗಿ ಹೇಳುವವರು ಈಗ ಇಲ್ಲ. ಹುಣಸಿಕೊಪ್ಪದ ಸಭೆಯವರಿಗೆ ಇಂದಿಗೂ ಈ ಮಡುವಿನಲ್ಲೇ ದೀಕ್ಷಾಸ್ನಾನ. ನೀರಿಗೆ ಇಳಿದವರ ಬಲಗೈಯನ್ನು ಬಂಡೆಯ ಆ ತಗ್ಗಿನ ಮೇಲೆ ಒಮ್ಮೆ ಇರಿಸಿ, ಪಾದ್ರಿಗಳು ತಾವೇ ಅದನ್ನು ಬಿಡಿಸಿ ಮುಳುಗಿಸುತ್ತಾರೆ. ಯಾರ ಕೈಯಾದರೂ ಹೆದರಿ ಮತ್ತೆ ಕಲ್ಲಿಗೆ ಹೋದರೆ ಯಾರೂ ನಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ನೀವು ಅಲ್ಲಿಗೆ ಹೋದರೆ, ಹೆಂಡತಿಯ ಮೇಲೆ ರೇಗಿ ಬಂದ ಗಂಡಸೋ, ನೆರೆಯವಳ ಮೇಲೆ ಚಾಡಿ ಹೇಳಿ ಬಂದ ಹೆಂಗಸೋ, ಬೊಗಸೆ ನೀರಿನಿಂದ ಕಲ್ಲನ್ನು ನೆನೆಸಿ ಹೋಗುವುದನ್ನು ಕಾಣುತ್ತೀರಿ. ಅವರು ದಂಡೆ ಏರುವಷ್ಟರಲ್ಲಿ ಕಲ್ಲು ಒಣಗಿರುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಇಳಿದು ಬರುತ್ತಿರುತ್ತಾರೆ.