ಹುಲಿಗೆವ್ವನ ನಡಿಗೆಯ ಹನ್ನೆರಡು ಚಿತ್ರಗಳು

ಗಾಜಿನ ಮೇಲೆ ಫೋಟೋ ತೆಗೆಯುತ್ತಿದ್ದ ಕಾಲ. ತುಂಗಭದ್ರೆಯ ದಡದಲ್ಲಿ ಶಂಭುಲಿಂಗಯ್ಯ ಎಂಬ ವೈದ್ಯಗುರುಗಳ ಆಶ್ರಮವಿತ್ತು.

ಅಗಸರ ಹುಲಿಗೆವ್ವನಿಗೆ ಬಲ ಮೊಣಕಾಲು ನೋವು. ಶಿಷ್ಯ ವಿರೂಪಣ್ಣ ಆರು ತಿಂಗಳು ಅದಕ್ಕೆ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದ. ಕುಂಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಬಟ್ಟೆಯ ಗಂಟು ಹೊತ್ತು ನದಿಯ ಮೆಟ್ಟಿಲು ಹತ್ತಲಾಗದೆ ಅವಳ ಕೆಲಸವೇ ನಿಂತುಹೋಯಿತು.

"ದೋಷ ಎಲ್ಲಿದೆಯೋ?" ಗುರುಗಳು ಕೇಳಿದರು.

"ಮೊಣಕಾಲಲ್ಲಿ."

"ನಡಿಗೆ ನೋಡಿದೆಯಾ?"

"ನೂರು ಸಲ ನೋಡಿದ್ದೇನೆ, ಗುರುಗಳೇ."

ಗುರುಗಳು ಹಣೆ ಹಣೆ ಚಚ್ಚಿಕೊಂಡರು.

ಅವರ ಬಳಿ ಹನ್ನೆರಡು ಮಸೂರಗಳ ಒಂದು ಕ್ಯಾಮೆರಾ ಪೆಟ್ಟಿಗೆಯಿತ್ತು. ಮಸೂರಗಳು ಒಂದಾದ ಮೇಲೊಂದು ತೆರೆದು, ಎರಡು ಹೆಜ್ಜೆಯ ನಡಿಗೆಯನ್ನು ಹನ್ನೆರಡು ಚಿತ್ರ ಮಾಡುತ್ತಿದ್ದವು. ಹುಲಿಗೆವ್ವನನ್ನು ಮರಳಿನ ಮೇಲೆ ನಡೆಸಿ, ಹಿಂದಿನಿಂದ ತೆಗೆದರು.

ಚಿತ್ರಗಳನ್ನು ಶಿಷ್ಯನ ಮುಂದೆ ಹರಡಿದರು. "ಈಗ ಹೇಳು."

"ಮೊಣಕಾಲೇ."

"ಮತ್ತೆ ನೋಡು."

"ನೋಡಿದೆ. ಮೊಣಕಾಲೇ."

"ಮತ್ತೆ!"

ಏಳನೇ ಸಲಕ್ಕೆ ವಿರೂಪಣ್ಣ ಸಿಡಿದುಬಿದ್ದ. "ಇನ್ನೆಷ್ಟು ಸಲ ಗುರುಗಳೇ? ನನಗೇನು ಕಣ್ಣಿಲ್ಲವೇ?"

ಗುರುಗಳು ಪ್ರತಿ ಚಿತ್ರದಲ್ಲೂ ಸೊಂಟದಿಂದ ಕೆಳಗಿನ ಭಾಗವನ್ನು ಕಾಗದದಿಂದ ಮುಚ್ಚಿದರು. ಮೊಣಕಾಲು ಮರೆಯಾಯಿತು.

ವಿರೂಪಣ್ಣ ಬೇಸರದಿಂದಲೇ ಬಗ್ಗಿದ. ಐದನೇ ಚಿತ್ರದ ಮೇಲೆ ಅವನ ಬೆರಳು ನಿಂತಿತು. ಭಾರ ಬಲಗಾಲಿನ ಮೇಲೆ ಬಿದ್ದ ಗಳಿಗೆ ಅದು. ಹುಲಿಗೆವ್ವನ ಸೊಂಟಪಟ್ಟಿ, ಆ ಬೆಳ್ಳಿಯ ಡಾಬು, ಎಡಕ್ಕೆ ವಾಲಿತ್ತು. ಆರನೆಯದರಲ್ಲಿ ಇನ್ನೂ ಕೆಳಗೆ.

"ಸೊಂಟ..." ಅವನ ಸ್ವರ ಇಳಿಯಿತು. "ಬಲ ಸೊಂಟದ ಕೀಲಿಗೆ ಭಾರ ತಡೆಯುವ ಶಕ್ತಿಯಿಲ್ಲ. ನೋವು ಮಾತ್ರ ಮೊಣಕಾಲಲ್ಲಿ ಕಾಣಿಸಿಕೊಂಡಿದೆ."

"ಆರು ತಿಂಗಳು ಎಣ್ಣಿ ತಿಕ್ಕಿದ್ಯಲ್ಲೋ ತಮ್ಮಾ!" ಪಕ್ಕದಲ್ಲೇ ಕೂತಿದ್ದ ಹುಲಿಗೆವ್ವ ಕೂಗಿದಳು. "ಸೊಂಟ ನಿನ್ನ ಕಣ್ಣಿಗೆ ಬೀಳಲೇ ಇಲ್ಲೇನು?"

ಅವನು ತಲೆ ತಗ್ಗಿಸಿದ. ಅಂದಿನಿಂದಲೇ ಸೊಂಟಕ್ಕೆ ಚಿಕಿತ್ಸೆ ಶುರುಮಾಡಿದ. ಮೂರನೇ ತಿಂಗಳಿಗೆ ಹುಲಿಗೆವ್ವ ಗಂಟು ಹೊತ್ತು ಮೆಟ್ಟಿಲು ಹತ್ತಿದಳು.

ವಿರೂಪಣ್ಣನಿಗೆ ಮಾತ್ರ ಸಮಾಧಾನವಿಲ್ಲ. ಒಂದು ದಿನ ಕೇಳಿಯೇಬಿಟ್ಟ.

"ಗುರುಗಳೇ, ನಾನು ಹತ್ತು ವರ್ಷ ಓದಿದವನು. ಅದು ಬರೀ ಮರದ ಪೆಟ್ಟಿಗೆ. ನನಗೆ ಕಾಣದ್ದು ಅದಕ್ಕೆ ಹೇಗೆ ಕಂಡಿತು?"

ಗುರುಗಳು ನಿಟ್ಟುಸಿರು ಬಿಟ್ಟು ಹೇಳಿದರು:

"ಪೆಟ್ಟಿಗೆಗೆ ಉತ್ತರ ಮೊದಲೇ ಗೊತ್ತಿರಲಿಲ್ಲವಪ್ಪ."