ಕೆಂಚನ ಗಾಲಿ ತಿರುಗವಲ್ದು

ಕುಂದರ್ರಿ, ಕುಂದರ್ರಿ. ಜಾಗಾಕ್ಕ ಜಗಳಾಡಬ್ಯಾಡ್ರಿ. ಯಾರು ದೂಡ್ತಾರ, ಅವರಿಗೆ ಕಥಿ ಇಲ್ಲ.

ಒಂದು ಚುಕ್ಕಿಕೋಳಿ ಇತ್ತು. ಅದಕ್ಕ ಒಂದು ಹಿಂಡು ಮರಿ. ಎಲ್ಲಾಕಿಂತ ಸಣ್ಣ ಮರಿ ಬಲೇ ಉಡಾಳ. ಹೊಲದ ದಾರಿಯಾಗ ಒಂದು ಸಿಮೆಂಟಿನ ಪೈಪು ಬಿದ್ದಿತ್ತು. ಒಂದು ಬಾಯಿ ಮಣ್ಣು ತುಂಬಿ ಮುಚ್ಚಿತ್ತು. ಇನ್ನೊಂದು ಬಾಯಿಯಿಂದ ಮರಿ ಒಳಗ ಹೋತು. ಹುಳಾ ಹುಡುಕಾಕ ಹೋತು.

ಅಷ್ಟೊತ್ತಿಗೆ ಕೆಂಚ ಬಂದ. ಕೆಂಚ ಅಂದ್ರ ದುರಗಪ್ಪಜ್ಜನ ಹಳೇ ಟ್ರ್ಯಾಕ್ಟರು. ಹಿಂದ ಟ್ರ್ಯಾಲಿ ತುಂಬ ಭತ್ತದ ಚೀಲ. ಮೆತ್ತನ್ನ ಮಣ್ಣು ಬಂತು. ಕೆಂಚ ಗುರ್ರ್ ಅಂದ. ಗುರ್ರ್ ಗುರ್ರ್ ಅಂದ. ನಿಂತೇ ಬಿಟ್ಟ. ಎಲ್ಲಿ ನಿಂತ? ಪೈಪಿನ ಬಾಯಿಗೇ ನಿಂತ. ದೊಡ್ಡ ಗಾಲಿ ಬಾಯಿ ಮುಚ್ಚಿತು. ಮರಿ ಒಳಗ ಉಳೀತು.

"ಮರೀ, ನಾ ಇಲ್ಲೇ ಅದೀನಿ" ಅಂತು ಕೋಳಿ.

"ಚಿಂವ್" ಅಂತು ಮರಿ.

ಕೋಳಿ ಗಾಲಿಗೆ ಕೇಳ್ತು. "ಗಾಲೀ ಗಾಲೀ, ತಿರುಗು. ಮರಿ ಪೈಪಿನಾಗ ಐತಿ."

ಗಾಲಿ ಅಂತು, "ನಾ ಹೆಂಗ ತಿರುಗ್ಲಿ ಕೋಳವ್ವ? ಗೇರು ನನ್ನ ಎಳೀವಲ್ದು. ಗೇರಿಗೆ ಕೇಳು."

ಕೋಳಿ ಗೇರಿಗೆ ಕೇಳ್ತು. "ಗೇರೇ ಗೇರೇ, ಎಳಿ. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

ಗೇರು ಅಂತು, "ನನ್ನ ಹಲ್ಲು ಗಟ್ಟಿ ಅದಾವು. ಪ್ಲೇಟು ನನ್ನ ಹಿಡೀವಲ್ದು. ಪ್ಲೇಟಿಗೆ ಕೇಳು."

ಉಣ್ಣೋ ಪ್ಲೇಟಲ್ಲ, ನಗಬ್ಯಾಡ್ರಿ. ಕ್ಲಚ್ ಪ್ಲೇಟು. ಕೆಂಚನ ಹೊಟ್ಟಿಯೊಳಗ ಇರ್ತದ. ಇಂಜಿನ್ನಿನ ಶಕ್ತಿ ಹಿಡಕೊಂಡು ಗೇರಿಗೆ ಕೊಡ್ತದ. ಅದು ಹಿಡೀಲಿಲ್ಲ ಅಂದ್ರ ಜಾರ್ತದ. ಇಂಜಿನ್ನು ಬರೇ ಒದರ್ತದ, ಗಾಡಿ ಹೋಗಂಗಿಲ್ಲ.

ಕೋಳಿ ಪ್ಲೇಟಿಗೆ ಕೇಳ್ತು. "ಪ್ಲೇಟೇ ಪ್ಲೇಟೇ, ಹಿಡಿ. ಗೇರು ಎಳೀವಲ್ದು. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

ಪ್ಲೇಟು ಅಂತು, "ಜಾರಿ ಜಾರಿ ನನ್ನ ಮೈ ಸುಡಾಕತ್ತೇತಿ. ಸ್ಪ್ರಿಂಗು ನನ್ನ ಒತ್ತವಲ್ದು. ಸ್ಪ್ರಿಂಗಿಗೆ ಕೇಳು."

ಕೋಳಿ ಸ್ಪ್ರಿಂಗಿಗೆ ಕೇಳ್ತು. "ಸ್ಪ್ರಿಂಗೇ ಸ್ಪ್ರಿಂಗೇ, ಒತ್ತು. ಪ್ಲೇಟು ಹಿಡೀವಲ್ದು. ಗೇರು ಎಳೀವಲ್ದು. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

ಸ್ಪ್ರಿಂಗು ಅಂತು, "ಒತ್ತೂದ ನನ್ನ ಕೆಲಸ. ರಾಡು ನನ್ನ ಜಗ್ಗಿ ಹಿಡದೈತಿ. ಸಡಲವಲ್ದು. ರಾಡಿಗೆ ಕೇಳು."

ಕೋಳಿ ಓಡಿ ಬಂತು. ಪೈಪಿನ ಹತ್ರ ಬಗ್ಗಿತು. "ಮರೀ, ನಾ ಇಲ್ಲೇ ಅದೀನಿ."

"ಚಿಂವ್."

ಕೋಳಿ ರಾಡಿಗೆ ಕೇಳ್ತು. "ರಾಡೇ ರಾಡೇ, ಸಡಲು. ಸ್ಪ್ರಿಂಗು ಒತ್ತವಲ್ದು. ಪ್ಲೇಟು ಹಿಡೀವಲ್ದು. ಗೇರು ಎಳೀವಲ್ದು. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

ರಾಡು ಅಂತು, "ನಾ ಬರೇ ಕಬ್ಬಿಣದ ಕಡ್ಡಿ. ಪೆಡಲ್ಲು ಹೇಳಿದಂಗ ಕೇಳಾಂವ. ಪೆಡಲ್ಲು ಏಳವಲ್ದು. ಪೆಡಲ್ಲಿಗೆ ಕೇಳು."

ಕೋಳಿ ಪೆಡಲ್ಲಿಗೆ ಕೇಳ್ತು. "ಪೆಡಲ್ಲೇ ಪೆಡಲ್ಲೇ, ಏಳು. ರಾಡು ಸಡಲವಲ್ದು. ಸ್ಪ್ರಿಂಗು ಒತ್ತವಲ್ದು. ಪ್ಲೇಟು ಹಿಡೀವಲ್ದು. ಗೇರು ಎಳೀವಲ್ದು. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

ಪೆಡಲ್ಲು ಅಂತು, "ನನಗೂ ಮ್ಯಾಲ ಏಳೋ ಆಸಿ ಐತಿ. ನನ್ನ ಮ್ಯಾಲ ಅಜ್ಜನ ಪಾದ ಐತಿ. ಅದು ಸರೀವಲ್ದು. ಪಾದಕ್ಕ ಕೇಳು."

ಪಾದಕ್ಕ ಏನಂತ ಕೇಳಬೇಕು? ಪಾದಕ್ಕ ಕಿವಿ ಐತೇನು? ಕೋಳಿ ಮ್ಯಾಲ ಹಾರಿತು. ಹೆಬ್ಬೆರಳಿಗೆ ಟಕ್ ಅಂತ ಕುಕ್ಕಿತು.

"ಯಾರವ್ವ ಅದು?" ಅಂತ ಅಜ್ಜ ಕೆಳಗ ನೋಡಿದ. ಇಂಜಿನ್ ಬಂದ್ ಮಾಡಿದ.

"ಅಜ್ಜಾ ಅಜ್ಜಾ, ಪಾದ ಸರಿಸು. ಪೆಡಲ್ಲು ಏಳವಲ್ದು. ರಾಡು ಸಡಲವಲ್ದು. ಸ್ಪ್ರಿಂಗು ಒತ್ತವಲ್ದು. ಪ್ಲೇಟು ಹಿಡೀವಲ್ದು. ಗೇರು ಎಳೀವಲ್ದು. ಗಾಲಿ ತಿರುಗವಲ್ದು. ಮರಿ ಪೈಪಿನಾಗ ಐತಿ."

"ನಾ ಒತ್ತಿಲ್ಲವ್ವ" ಅಂದ ಅಜ್ಜ. "ಪಾದ ಸುಮ್ಮ ಇಟ್ಟೀನಿ."

"ಸುಮ್ಮ ಇಟ್ರೂ ಅದರ ಭಾರಕ್ಕ ಪೆಡಲ್ಲು ತಗ್ಗೇತಿ. ಯಾಕ ಇಟ್ಟಿ?"

"ಮೊದಲ ನನಗ ಒಂದು ಎತ್ತಿತ್ತು. ಅದರ ಹೆಸರೂ ಕೆಂಚ. ಚಕ್ಕಡಿ ಗಾಡಿ ಹೊಡಿಯೋವಾಗ ಅದರ ಬೆನ್ನಿಗೆ ಪಾದ ತಾಗಿಸಿ ಕೂಡ್ತಿದ್ದೆ. ಅಜ್ಜ ಇಲ್ಲೇ ಅದಾನ ಅಂತ ಅದಕ್ಕ ಧೈರ್ಯ. ಈ ಕೆಂಚಗೂ ಹಂಗ ಇಟ್ಟೀನಿ. ತಗದ್ರ ಅಂಜ್ತಾನ."

ಕೋಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದೂ ತಾಯಿ ಅಲ್ಲೇನು? ಅಂಜಿಕಿ ಅಂದ್ರ ಏನು ಅಂತ ಅದಕ್ಕ ಗೊತ್ತಿತ್ತು.

"ಅಜ್ಜಾ, ನನ್ನ ಮರಿನೂ ಅಂಜೇತಿ. ಅದನ್ನ ಮುಟ್ಟಾಕ ನನಗ ಆಗವಲ್ದು. ಅದಕ್ಕ ಕೂಗಾಕತ್ತೀನಿ. ಕೇಳಿಲ್ಲಿ. ಮರೀ, ನಾ ಇಲ್ಲೇ ಅದೀನಿ."

"ಚಿಂವ್."

ಅಜ್ಜ ಕೇಳಿದ. ಅವನ ಕಣ್ಣು ತುಂಬಿ ಬಂದ್ವು. "ದನಿ ಸಾಕಾಗ್ತದೇನವ್ವ?"

"ಸಾಕಾಗ್ತದ ಅಜ್ಜಾ."

ಅಜ್ಜ ಇಂಜಿನ್ ಚಾಲೂ ಮಾಡಾಕ ಹೋದ. "ತಡಿ" ಅಂತು ಪ್ಲೇಟು, "ಮೈ ಇನ್ನೂ ಸುಡಾಕತ್ತೇತಿ." ಸರಿ, ಎಲ್ಲಾರೂ ತಡದ್ರು. ಕೋಳಿ ಪೈಪಿನ ಹತ್ರ ಕುಂತಿತು. ಅಜ್ಜನೂ ಇಳಿದು ಅದರ ಬಾಜೂಕ ಕುಂತ. ಕೋಳಿ ಕೂಗ್ತು, ಮರಿ ಚಿಂವ್ ಅಂತು. ಕೋಳಿ ಕೂಗ್ತು, ಮರಿ ಚಿಂವ್ ಅಂತು. ಪ್ಲೇಟು ಆರಿತು.

ಅಜ್ಜ ಹತ್ತಿ ಕುಂತ. ಇಂಜಿನ್ನು ಗುರ್ರ್ ಅಂತು. ಪೆಡಲ್ಲು ಒಮ್ಮೆ ಪೂರಾ ಒತ್ತಿದ. ಗೇರ್ ಹಾಕಿದ. ಆಮ್ಯಾಲ ಮೆಲ್ಲಕ, ಮೆಲ್ಲಕ, ಪಾದ ಪೂರಾ ತಗದ.

"ಕೆಂಚಾ, ನಾ ಇಲ್ಲೇ ಅದೀನಿ."

ಪಾದ ಸರೀತು.
ಪೆಡಲ್ಲು ಎದ್ದಿತು.
ರಾಡು ಸಡಲಿತು.
ಸ್ಪ್ರಿಂಗು ಒತ್ತಿತು.
ಪ್ಲೇಟು ಹಿಡೀತು.
ಗೇರು ಎಳೀತು.
ಗಾಲಿ ತಿರುಗಿತು.
ಪೈಪಿನ ಬಾಯಿ ತೆರೀತು.

ಮರಿ ಬಂತೇನು? ಬರಲಿಲ್ಲ. ಅಷ್ಟು ಹೊತ್ತು ಕತ್ತಲಾಗ ಇದ್ದದ್ದು, ಬೆಳಕಿಗೆ ಅಂಜಿ ಕುಂತಿತ್ತು. ಕೋಳಿ ತಾನೇ ಒಳಗ ಹೋತು. ಹೊರಗ ಬಂದಾಗ ಹಿಂದ ಹಿಂದ ಮರಿ ಬಂತು. ಮೈ ತುಂಬ ಧೂಳು, ಬಾಯಾಗ ಹುಳಾ.

ಕೋಳಿ ಬೈಬೇಕು ಅಂತ ಬಾಯಿ ತೆಗೀತು. ಮರಿ ಹುಳಾ ಅವ್ವನ ಮುಂದ ಇಟ್ಟಿತು. ಅವ್ವಗ ಅಂತ ಇಟಗೊಂಡಿತ್ತು, ತಿಂದಿರಲಿಲ್ಲ. ಇನ್ನೇನು ಬೈತದ? ರೆಕ್ಕಿ ಬಿಚ್ಚಿ ಒಳಗ ಎಳಕೊಂತು.

ಮರಿ ರೆಕ್ಕಿಯೊಳಗ. ನೀವು ಕೌದಿಯೊಳಗ. ಕಥಿ ನಿಮ್ಮ ಹೊಟ್ಟಿಯೊಳಗ. ಮಲಗ್ರಿ ಇನ್ನ.