ಸರ್ವರ್‌ಗೆ ಹೊತ್ತ ಹರಕೆ

ಪುರಸಭೆಯ ನೀರಿನ ಬಿಲ್ಲಿನ ಸಾಫ್ಟ್‌ವೇರ್ ಬಹಳ ಹಳೆಯದು. ಎಲ್ಲಿ ಮುಟ್ಟಿದರೆ ಎಲ್ಲಿ ಕೆಡುತ್ತದೋ ಯಾರಿಗೂ ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಅದು ನಿಂತುಬಿಡುತ್ತಿತ್ತು. ಹೊರಗಿನ ಪರದೆಯ ಮೇಲೆ 'ಸರ್ವರ್ ಡೌನ್' ಎಂದು ಬರುತ್ತಿತ್ತು. ಸಾಲಿನಲ್ಲಿದ್ದವರು ಕಾಯುತ್ತಿದ್ದರು. ಮ್ಯಾನೇಜರ್ ಚಂದ್ರಮೌಳಿಯವರು ಸಿಬ್ಬಂದಿ ಸಮೇತ ಎದುರಿನ ಅಂಗಡಿಗೆ ಟೀಗೆ ಹೊರಡುತ್ತಿದ್ದರು.

ಹೊಸದಾಗಿ ಬಂದ ಪ್ರೋಗ್ರಾಮರ್ ಹುಡುಗಿ ಅದರ ಸಿಕ್ಕು ಬಿಡಿಸಿಟ್ಟಳು. ಸಾಫ್ಟ್‌ವೇರ್ ನಿಲ್ಲದೆ ಓಡತೊಡಗಿತು. ಟೀ ತಪ್ಪಿತು.

"ಅದಕ್ಕೆ ಕೈ ಹಾಕೋಕೆ ನಿನಗೆ ಯಾರಮ್ಮ ಹೇಳಿದ್ದು?" ಚಂದ್ರಮೌಳಿ ಗುಡುಗಿದರು. "ನಮಗೆಲ್ಲ ಹಳೇದೇ ಅಭ್ಯಾಸ. ಅದರಲ್ಲಿ ಏನೇನಿತ್ತೋ ಎಲ್ಲಾ ವಾಪಸ್ ಬರಬೇಕು!" ಸಿಬ್ಬಂದಿಯೆಲ್ಲ ತಲೆಯಾಡಿಸಿದರು.

"ನಿಂತುಹೋಗೋದೂ ಬರಬೇಕಾ ಸಾರ್?"

ಅವರು ಎದುರಿನ ಟೀ ಅಂಗಡಿಯತ್ತ ಕಣ್ಣು ಹಾಯಿಸಿದರು. "ಎಲ್ಲಾ ಅಂದೆನಲ್ಲ!"

ಮರುದಿನ ಅವರ ಕಂಪ್ಯೂಟರಿನಲ್ಲಿ 'ನಿಲ್ಲಿಸು' ಎಂಬ ಬಟನ್ ಬಂದಿತ್ತು. "ಬೇಕಾದಾಗ ಒತ್ತಿ ಸಾರ್," ಎಂದಳು ಹುಡುಗಿ. ಚಂದ್ರಮೌಳಿ ಒತ್ತಿದರು. ಗೆದ್ದವರ ಹಾಗೆ ಟೀಗೆ ನಡೆದರು.

ಇನ್ನೂ ಮೊದಲ ಗುಟುಕು ಬಾಯಲ್ಲೇ ಇತ್ತು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ರಸ್ತೆ ದಾಟಿ ಬಂದು ಕೈಮುಗಿದಳು.

"ನಿಧಾನಕ್ಕೆ ಕುಡೀರಿ ಸಾಮಿ. 'ಸರ್ವರ್ ಚೆನ್ನಾಗಿದೆ, ಸಾಹೇಬರು ಟೀಗೆ ಹೋಗಿದ್ದಾರೆ' ಅಂತ ಪರದೆ ಮ್ಯಾಲೆ ಬಂದೈತಂತೆ, ಓದಿ ಹೇಳಿದ್ರು. ಪಾಪ, ದಿನಾ ಮಲಗೋ ಸರ್ವರ್‌ಗೆ ವಾಸಿಯಾಗ್ಲಿ ಅಂತ ಮಾರಮ್ಮನಿಗೆ ಹರಕೆ ಹೊತ್ತಿದ್ದೆ. ತಾಯಿ ಕೈಬಿಡಲಿಲ್ಲ!"

ಚಂದ್ರಮೌಳಿಯವರ ಬಾಯಲ್ಲಿದ್ದ ಟೀ ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಸಾಲಿನವರ ಮುಖ ನೋಡಲಾರದೆ ಹಿಂಬಾಗಿಲಿನಿಂದ ಕಚೇರಿಗೆ ಬಂದರು.

"ಆ ಬಟನ್ ತೆಗೆದುಬಿಡಮ್ಮ," ಎಂದರು ನೆಲ ನೋಡುತ್ತಾ. "ಮೊದಲು ಆ ಅಜ್ಜಿಯ ಬಿಲ್ಲು ಕಟ್ಟಿಸಿಕೊಂಡು ಕಳಿಸು. ಅವರು ಹರಕೆ ತೀರಿಸೋಕೆ ಹೋಗಬೇಕು."